ಒಬ್ಬ ಮಾಲೀಕನ ಹೆಸರಿಗೆ ಬರೆದ ಅನುಮತಿ



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಉದ್ಯೋಗ ವೀಸಾ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನರ ಮುಂದೆ ಇದನ್ನು ಏಕೆ ಎತ್ತಬೇಕು ಎಂದು ಕೆಲವರಿಗೆ ಅನ್ನಿಸಬಹುದು. ವೀಸಾ ಎಂದರೆ ದೆಹಲಿಯ ಗೃಹ ಸಚಿವಾಲಯದ ಮಾತು, ಇಲ್ಲವೆ ಚೆನ್ನೈನ ಅಮೆರಿಕನ್ ಕಾನ್ಸುಲೇಟಿನ ಮುಂದೆ ನಿಲ್ಲುವ ಸಾಲಿನ ಮಾತು ಎಂದುಕೊಂಡಿದ್ದೇವೆ. ಆದರೆ ಬಿಡದಿಯ ಕಾರ್ಖಾನೆಗೆ ಜಪಾನಿನಿಂದ ಬಂದ ಎಂಜಿನಿಯರಿನ ಪಾಸ್‌ಪೋರ್ಟಿನಲ್ಲೂ, ನಮ್ಮ ಊರುಗಳಿಂದ ಸೌದಿಗೆ ಹೋದ ಡ್ರೈವರಿನ ಜೇಬಿನಲ್ಲೂ ಇಂಥ ಒಂದೊಂದು ಅನುಮತಿ ಇದೆ. ಒಂದು ನಮ್ಮ ದೇಶ ಕೊಟ್ಟದ್ದು, ಇನ್ನೊಂದು ನಮ್ಮವರಿಗೆ ಬೇರೆ ದೇಶ ಕೊಟ್ಟದ್ದು. ಎರಡರಲ್ಲೂ ಕೆಲಸಗಾರನ ಹೆಸರಿನ ಜೊತೆಗೆ ಇನ್ನೊಂದು ಹೆಸರು ಇರುತ್ತದೆ: ಕೆಲಸ ಕೊಟ್ಟವರದು. ಇವತ್ತಿನ ನನ್ನ ಮಾತೆಲ್ಲ ಆ ಎರಡನೆಯ ಹೆಸರಿನ ಸುತ್ತ.

ವೀಸಾ ನಿಯಮ ಬದಲಾದಾಗಲೆಲ್ಲ ಪತ್ರಿಕೆಗಳಲ್ಲಿ ಬರುವ ಸುದ್ದಿ ಶುಲ್ಕ ಎಷ್ಟು ಏರಿತು, ಎಷ್ಟು ಜನರಿಗೆ ಸಿಗುತ್ತದೆ, ಸಂಬಳದ ಮಿತಿ ಎಷ್ಟು ಎಂಬುದು. ಇವು ಮುಖ್ಯವೇ. ಆದರೆ ನನಗೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ ಎನಿಸುತ್ತದೆ. ಕೆಲಸಗಾರನಿಗೆ ಒಬ್ಬ ಮಾಲೀಕನ ಬಳಿ ಬಾಳುವೆ ಆಗದಿದ್ದರೆ ಅವನನ್ನು ಬಿಟ್ಟು ಇನ್ನೊಬ್ಬರ ಹತ್ತಿರ ದುಡಿಯಲು ಸಾಧ್ಯವೆ? ಈ ಪ್ರಶ್ನೆಯನ್ನು ನಾನು ಯಾವ ಅಂತಾರಾಷ್ಟ್ರೀಯ ಒಪ್ಪಂದದಿಂದಲೂ ಕಲಿತದ್ದಲ್ಲ. ರಾಮನಗರದ ಬಿಚ್ಚಾಣಿಕೆ ಮನೆಗಳು ಕಲಿಸಿದ್ದು.

ರೇಷ್ಮೆ ನೂಲು ಬಿಚ್ಚುವ ಕೆಲಸವನ್ನು ಹತ್ತಿರದಿಂದ ಕಂಡವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಬಿಸಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಎಳೆಯ ತುದಿ ಸಿಗಬೇಕಾದರೆ ಬೆರಳು ಆ ನೀರಿಗೆ ಇಳಿಯಲೇಬೇಕು. ಬೆಳಗಿನಿಂದ ಸಂಜೆಯವರೆಗೆ ಇಳಿದಿಳಿದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ, ಚರ್ಮ ಸುಲಿದು, ರಾತ್ರಿ ಉಣ್ಣಲು ಕೂತಾಗ ಸಾರಿನ ಖಾರ ತಾಗಿದರೆ ಉರಿಯುತ್ತದೆ. ಸತ್ತ ಹುಳುವಿನ ವಾಸನೆ ಸೀರೆಯಿಂದ ಹೋಗುವುದಿಲ್ಲ. ಇಷ್ಟು ಕಷ್ಟದ ಕೆಲಸವನ್ನು ಬಿಟ್ಟು ಹೋಗಬಹುದಲ್ಲ ಎಂದರೆ, ಅಲ್ಲಿ ಅಡ್ವಾನ್ಸು ಇತ್ತು. ಮಗಳ ಮದುವೆಗೋ ಗಂಡನ ಆಸ್ಪತ್ರೆ ಖರ್ಚಿಗೋ ಮಾಲೀಕರಿಂದ ತೆಗೆದುಕೊಂಡ ಮುಂಗಡ. ಅದು ತೀರುವ ತನಕ ಬೇರೆ ಮನೆಯ ಬಾಣಲೆಯ ಮುಂದೆ ಕೂರುವಂತಿಲ್ಲ. ಕೂರಬೇಕಾದರೆ ಹೊಸ ಮಾಲೀಕ ಹಳೆಯ ಮಾಲೀಕನಿಗೆ ಆ ಹಣ ಕಟ್ಟಬೇಕು. ಆಗ ಸಾಲವೂ ಹೆಂಗಸೂ ಒಟ್ಟಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಹಾಗೆ. ಈ ಉದ್ಯಮದಲ್ಲಿ ಮಕ್ಕಳು ಕೂಡ ಹೀಗೆ ಮುಂಗಡಕ್ಕೆ ಸಿಕ್ಕಿ ದುಡಿಯುತ್ತಿದ್ದುದನ್ನು 2003ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ಮಾನವ ಹಕ್ಕು ವರದಿಯೊಂದು ದಾಖಲಿಸಿತ್ತು. ನಮ್ಮ ಜಿಲ್ಲೆಗೆ ಅದು ನೋವಿನ ಓದು.

ಜೀತ ಪದ್ಧತಿಯನ್ನು ರದ್ದುಪಡಿಸಿದ 1976ರ ಕಾಯ್ದೆ ಮುಂಗಡದ ಈ ಕಟ್ಟನ್ನು ಸರಿಯಾಗಿ ಗುರುತಿಸಿತು. ಜೀತ ಎಂದರೆ ಸರಪಳಿ, ಹೊಡೆತ ಎಂದಷ್ಟೇ ಆ ಕಾಯ್ದೆ ಹೇಳುವುದಿಲ್ಲ. ಮುಂಗಡಕ್ಕೆ ಪ್ರತಿಯಾಗಿ ಬೇರೆ ಉದ್ಯೋಗ ಹಿಡಿಯುವ ಸ್ವಾತಂತ್ರ್ಯವನ್ನು ಒತ್ತೆ ಇಟ್ಟರೆ ಅದೂ ಜೀತದ ಲಕ್ಷಣವೇ ಎಂದು ಅದರ ವ್ಯಾಖ್ಯೆಯಲ್ಲಿದೆ. 1982ರಲ್ಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲವಂತ ಎಂದರೆ ದೈಹಿಕ ಬಲವೇ ಆಗಬೇಕಿಲ್ಲ, ಬೇರೆ ದಾರಿಯಿಲ್ಲದಂತೆ ಮಾಡುವ ಹಸಿವು, ಬಡತನದ ಒತ್ತಡವೂ ಬಲವಂತವೇ ಎಂದು ಸಂವಿಧಾನದ 23ನೆಯ ವಿಧಿಯನ್ನು ಅರ್ಥೈಸಿತು. ಕಾನೂನು ಓದುವ ಮಕ್ಕಳು ಇಲ್ಲಿದ್ದರೆ ಒಂದು ಮಾತನ್ನು ಗಮನಿಸಿ. ಇಷ್ಟಬಂದ ವೃತ್ತಿ ನಡೆಸುವ 19ನೆಯ ವಿಧಿಯ ಹಕ್ಕು ನಾಗರಿಕರಿಗೆ ಮಾತ್ರ. ಆದರೆ ಬಲವಂತದ ದುಡಿಮೆಯನ್ನು ನಿಷೇಧಿಸುವ 23ನೆಯ ವಿಧಿ ಈ ನೆಲದ ಮೇಲಿರುವ ಎಲ್ಲ ಮನುಷ್ಯರಿಗೂ ಸೇರಿದ್ದು, ವಿದೇಶಿಯರಿಗೂ. ನನ್ನ ಇಡೀ ವಾದ ನಿಂತಿರುವುದು ಈ ಎರಡು ವಿಧಿಗಳ ನಡುವಿನ ಜಾಗದಲ್ಲಿ.

ಹೊರಗಿನಿಂದ ಕಸುಬುದಾರರನ್ನು ಕರೆಸುವುದು ನಮ್ಮ ಸೀಮೆಗೆ ಹೊಸದಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೆ ಮೂಲ ಟಿಪ್ಪು ಸುಲ್ತಾನ್ ಕರೆಸಿದ ಪರ್ಷಿಯಾದ ಕುಶಲಕರ್ಮಿಗಳು ಎಂಬುದು ಇಲ್ಲಿಯ ಮನೆಮನೆಯ ಮಾತು. ರೇಷ್ಮೆಹುಳುವನ್ನು ಟಿಪ್ಪು ಬಂಗಾಳದಿಂದ ತರಿಸಿದ. ಹತ್ತೊಂಬತ್ತನೆಯ ಶತಮಾನದ ನಡುವೆ ಹುಳುರೋಗದಿಂದ ರೇಷ್ಮೆ ನೆಲಕಚ್ಚಿದಾಗ 1860ರ ದಶಕದಲ್ಲಿ ಇಟಲಿಯ ದೆ ವೆಕ್ಕಿ ಕೆಂಗೇರಿಯಲ್ಲಿ ನೂಲು ತೆಗೆಯುವ ಕಾರ್ಖಾನೆ ಹಾಕಿದ. ಆ ಶತಮಾನದ ಕೊನೆಗೆ ಜಮಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು ಜಪಾನಿನ ತಜ್ಞರನ್ನು ಇರಿಸಿಕೊಂಡರು. 1914ರ ಹೊತ್ತಿಗೆ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿಯನ್ನು ರೇಷ್ಮೆ ತಜ್ಞನಾಗಿ ನೇಮಿಸಿತು. ಚನ್ನಪಟ್ಟಣದ ಸರ್ಕಾರಿ ರೇಷ್ಮೆ ಫಾರಂ ಆ ಕಾಲದ ಕೂಸು. ಇವತ್ತು ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಹೆಮ್ಮೆಪಡುವಾಗ ಈ ಪರದೇಶಿ ಕೈಗಳನ್ನೂ ನೆನೆಯುವುದು ನ್ಯಾಯ.

ಇವರೆಲ್ಲ ಬಂದ ಕಾಲಕ್ಕೆ ಉದ್ಯೋಗ ವೀಸಾ ಎಂಬುದೇ ಇರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಭಾರತಕ್ಕೆ ಕಾಲಿಡಲು ಪಾಸ್‌ಪೋರ್ಟ್ ಬೇಕೆನ್ನುವ ಕಾಯ್ದೆ ಬಂತು. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ವಿದೇಶಿಯರ ನೋಂದಣಿ ಕಾಯ್ದೆ. ಆ ಯುದ್ಧ ಮುಗಿದೊಡನೆ, 1946ರಲ್ಲಿ, ವಿದೇಶಿಯರ ಕಾಯ್ದೆ. ಇಸವಿಗಳೇ ಕಥೆ ಹೇಳುತ್ತವೆ. ಈ ಕಾನೂನುಗಳು ಯುದ್ಧದ ನೆರಳಿನಲ್ಲಿ ಹುಟ್ಟಿದವು. ವಿದೇಶಿಯನ್ನು ಅವು ಗೂಢಚಾರನಿರಬಹುದೆಂಬ ಅನುಮಾನದಿಂದ ನೋಡಿದವು, ದುಡಿಯಲು ಬಂದವನಾಗಿ ಎಣಿಸಲಿಲ್ಲ. 2025ರ ಏಪ್ರಿಲಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ಸೆಪ್ಟೆಂಬರ್ 1ರಿಂದ ಜಾರಿಯಾದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ಮೂರನ್ನೂ, ವಿಮಾನ ಮತ್ತು ಹಡಗು ಕಂಪನಿಗಳ ಹೊಣೆಗೆ ಸಂಬಂಧಿಸಿದ 2000ದ ಕಾಯ್ದೆಯನ್ನೂ ರದ್ದುಮಾಡಿ ಒಂದುಗೂಡಿಸಿದೆ. ಖೋಟಾ ದಾಖಲೆಗೆ ಏಳು ವರ್ಷದವರೆಗೆ ಸಜೆ, 10 ಲಕ್ಷ ರೂಪಾಯಿಯವರೆಗೆ ದಂಡ. ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಸಜೆ. ನಾಲ್ಕು ಕಾಯ್ದೆ ಒಂದಾದದ್ದು ಒಳ್ಳೆಯದೇ. ಆದರೂ ಹೊಸ ಕಾಯ್ದೆಯ ಕಾಳಜಿ ಗಡಿ, ದಾಖಲೆ ಮತ್ತು ನಿಗಾ. ವಿದೇಶಿ ಕೆಲಸಗಾರ ಮತ್ತು ಅವನ ಮಾಲೀಕನ ನಡುವಿನ ಸಂಬಂಧ ಹೇಗಿರಬೇಕು ಎಂಬುದು ಇನ್ನೂ ಸಚಿವಾಲಯದ ಮಾರ್ಗಸೂಚಿಗಳಲ್ಲೇ ಉಳಿದಿದೆ. ಮಾರ್ಗಸೂಚಿಯನ್ನು ಬದಲಿಸಲು ಸಂಸತ್ತು ಚರ್ಚಿಸಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಆ ಮಾರ್ಗಸೂಚಿಗಳಲ್ಲಿ ಏನಿದೆ? ಭಾರತೀಯರೇ ಬೇಕಾದಷ್ಟು ಸಿಗುವ ಕೆಲಸಕ್ಕೆ, ಗುಮಾಸ್ತಿಕೆಯಂಥ ದಿನನಿತ್ಯದ ಕೆಲಸಕ್ಕೆ ಉದ್ಯೋಗ ವೀಸಾ ಇಲ್ಲ. ಸಂಬಳಕ್ಕೆ ಒಂದು ತಳಮಟ್ಟ ಇದೆ: ಮೊದಲು ವರ್ಷಕ್ಕೆ 25,000 ಡಾಲರ್ ಎಂದಿತ್ತು, ಆಮೇಲೆ ಅದನ್ನು 16.25 ಲಕ್ಷ ರೂಪಾಯಿ ಎಂದು ಬರೆದರು. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಬಂದ 14 ದಿನದೊಳಗೆ ನೋಂದಣಿ ಆಗಬೇಕು. 2018ರಿಂದ ಈ ಕೆಲಸ ಬಹುಮಟ್ಟಿಗೆ ಆನ್‌ಲೈನಿಗೆ ಬಂದದ್ದರಿಂದ ಬೆಂಗಳೂರಿನ ನೋಂದಣಿ ಕಚೇರಿಯ ಮುಂದೆ ಕಾಯುವುದು ತಪ್ಪಿತು. 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿಕೆ ಆರಂಭಿಸಿದ ಟೊಯೋಟ ಕಿರ್ಲೋಸ್ಕರ್‌ನಂಥ ಕಂಪನಿಗಳಿಗೆ ಇದು ದೊಡ್ಡ ಅನುಕೂಲ. 2016ರ ಅಕ್ಟೋಬರಿನಿಂದ ಜಪಾನಿನೊಂದಿಗೆ ಸಾಮಾಜಿಕ ಭದ್ರತೆಯ ಒಪ್ಪಂದವೂ ಜಾರಿಯಲ್ಲಿದೆ. ಹೀಗಾಗಿ ಅಲ್ಲಿಂದ ನಿಯೋಜಿತರಾಗಿ ಬಂದ ಉದ್ಯೋಗಿ ಎರಡೂ ದೇಶಗಳಲ್ಲಿ ಪಿಂಚಣಿ ವಂತಿಗೆ ಕಟ್ಟಬೇಕಾಗಿಲ್ಲ.

ಸಂಬಳದ ತಳಮಟ್ಟವನ್ನು ನಾನು ಒಪ್ಪುತ್ತೇನೆ. ಬಿಡದಿಯ ಸುತ್ತಿನ ಹಳ್ಳಿಗಳವರು ಕಾರ್ಖಾನೆಗಳಿಗೆಂದು ಜಮೀನು ಬಿಟ್ಟುಕೊಟ್ಟವರು. ಅವರ ಮಕ್ಕಳು ಐಟಿಐ ಮಾಡಿಕೊಂಡು ಗೇಟಿನ ಹೊರಗೆ ನಿಂತಿರುವಾಗ ಅಗ್ಗದ ಕೂಲಿಗೆ ಹೊರದೇಶದವರನ್ನು ತರಿಸುವಂತೆ ಇರಬಾರದು. ತಳಮಟ್ಟ ಇರುವುದು ಅದಕ್ಕೇ. ಇಷ್ಟರ ಮಟ್ಟಿಗೆ ನಿಯಮ ನ್ಯಾಯವಾಗಿಯೇ ಇದೆ.

ಅಡ್ಡಿ ಇರುವುದು ಮುಂದೆ. ಉದ್ಯೋಗ ವೀಸಾದ ಮೇಲೆ ಬಂದವರು ಇಲ್ಲಿದ್ದುಕೊಂಡೇ ಮಾಲೀಕರನ್ನು ಬದಲಿಸುವಂತಿಲ್ಲ. ಮಾತೃ ಕಂಪನಿಯಿಂದ ಅದರ ಅಂಗಸಂಸ್ಥೆಗೆ ಹೋಗುವಂಥ ಕೆಲವು ಸಂದರ್ಭಗಳಿಗೆ ಮಾತ್ರ, ಅದೂ ಅನುಮತಿ ಪಡೆದು, ವಿನಾಯಿತಿ ಇದೆ. ಉಳಿದವರು ದೇಶ ಬಿಟ್ಟು, ಹೊಸ ವೀಸಾ ಪಡೆದು ಮತ್ತೆ ಬರಬೇಕು. ವಿದೇಶಿಯ ನಡವಳಿಕೆಗೂ, ವೀಸಾ ಮುಗಿದಾಗ ಅವನು ದೇಶ ಬಿಟ್ಟು ಹೋಗುವುದಕ್ಕೂ ಕೆಲಸ ಕೊಟ್ಟ ಸಂಸ್ಥೆಯೇ ಹೊಣೆ ಎಂಬ ಮಾತೂ ಇದೆ. ಒಬ್ಬ ಮನುಷ್ಯನ ಇರುವಿಕೆಗೆ ಇನ್ನೊಬ್ಬರನ್ನು ಜವಾಬ್ದಾರರನ್ನಾಗಿ ಮಾಡಿದ ಮೇಲೆ ಅವನ ಮೇಲೆ ಹಿಡಿತವನ್ನೂ ಅವರಿಗೇ ಕೊಟ್ಟಂತಾಯಿತು. ದೊಡ್ಡ ಸಂಬಳದ ಜಪಾನಿ ಮ್ಯಾನೇಜರಿಗೆ ಇದರಿಂದ ಹೆಚ್ಚು ತೊಂದರೆ ಇಲ್ಲ. ಅವರ ಬೆನ್ನಿಗೆ ಕಂಪನಿ ಇದೆ, ಕಾನ್ಸುಲೇಟ್ ಇದೆ, ಹಿಂತಿರುಗಿ ಹೋಗಲು ಟಿಕೆಟ್ಟಿದೆ.

ನನಗೆ ಚಿಂತೆ ಇರುವುದು ಅಡುಗೆಯವನ ಬಗ್ಗೆ. 16.25 ಲಕ್ಷದ ತಳಮಟ್ಟದಿಂದ ವಿನಾಯಿತಿ ಪಡೆದವರ ಪಟ್ಟಿಯಲ್ಲಿ ತಮ್ಮ ನಾಡಿನ ಅಡುಗೆ ಮಾಡುವ ವಿದೇಶಿ ಬಾಣಸಿಗರಿದ್ದಾರೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು ಮತ್ತು ಅನುವಾದಕರಿದ್ದಾರೆ. ಹೊರದೇಶದ ಉದ್ಯೋಗಿಗಳು ಎಲ್ಲಿ ನೆಲೆಸುತ್ತಾರೋ ಅಲ್ಲಿ ಅವರ ಊಟದ ಮನೆಗಳು, ಭಾಷಾ ತರಗತಿಗಳು ತಾವಾಗಿ ಹುಟ್ಟುತ್ತವೆ. ಬೆಂಗಳೂರಿನಿಂದ ಬಿಡದಿಯವರೆಗಿನ ಈ ಹಾದಿಯೂ ಅದಕ್ಕೆ ಹೊರತಲ್ಲ. ಅಂಥ ಒಂದು ಅಡುಗೆಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಒಲೆಯ ಮುಂದೆ ನಿಂತವನಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಸಂಬಳಕ್ಕೆ ತಳಮಟ್ಟ ಇಲ್ಲ. ಮಲಗುವ ಕೋಣೆಯೂ ಮಾಲೀಕನದೇ. ಎರಡು ತಿಂಗಳು ಸಂಬಳ ಬರದೆ ಹೋದರೆ ಅವನು ರಸ್ತೆಯಾಚೆಯ ಇನ್ನೊಂದು ಹೋಟೆಲಿಗೆ ಸೇರುವಂತಿಲ್ಲ. ದೂರು ಕೊಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ. ಸಂಬಳದ ರಕ್ಷೆಯನ್ನು ಯಾರಿಗೆ ತೆಗೆದುಬಿಟ್ಟೆವೋ ಅವರಿಗೇ ಬಿಟ್ಟುಹೋಗುವ ಸ್ವಾತಂತ್ರ್ಯ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. ವಿನಾಯಿತಿ ಬರೆದವರ ಉದ್ದೇಶ ಕೆಟ್ಟದ್ದಿರಲಿಲ್ಲ, ಹೋಟೆಲು ನಡೆಸುವವರಿಗೆ ಅನುಕೂಲವಾಗಲಿ ಎಂದಿತ್ತು. ಆದರೆ ಎರಡು ನಿಯಮ ಸೇರಿದಾಗ ಆಗುವ ಪರಿಣಾಮವನ್ನು ಯಾರೂ ತೂಗಿ ನೋಡಲಿಲ್ಲ. ನನ್ನ ದೃಷ್ಟಿಯಲ್ಲಿ ಭಾರತದ ಉದ್ಯೋಗ ವೀಸಾದಲ್ಲಿ ಮೊದಲು ತಿದ್ದಬೇಕಾದ ಜಾಗ ಇದು.

ಯಂತ್ರ ಕೂರಿಸಲು ಬರುವವರ ವಿಚಾರವನ್ನೂ ಇಲ್ಲಿ ಹೇಳಬೇಕು. ಚೀನಾದಿಂದ ತರಿಸಿದ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ನಮ್ಮಲ್ಲಿ ಬಂದಿವೆ. ಬಿಸಿನೀರಿನಿಂದ ಹೆಂಗಸರ ಬೆರಳನ್ನು ಬಿಡಿಸುವ ಯಂತ್ರ ಅದು, ಬರಲಿ. ಅದನ್ನು ಜೋಡಿಸಿ ನಡೆಸಿ ತೋರಿಸಲು ತಂತ್ರಜ್ಞ ಬಂದರೆ ಯಾವ ವೀಸಾ? ಹಿಂದೆ ಇಂಥವರು ವ್ಯಾಪಾರ ವೀಸಾದ ಮೇಲೆ ಬಂದು ಹೋಗುತ್ತಿದ್ದರು. ವಿದ್ಯುತ್, ಉಕ್ಕಿನ ಯೋಜನೆಗಳಿಗೆ ಚೀನಾದ ಕೆಲಸಗಾರರು ಆ ವೀಸಾದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಕಂಡಾಗ 2009ರಲ್ಲಿ ಸರ್ಕಾರ ಗೆರೆ ಎಳೆಯಿತು: ಮಾತುಕತೆಗೆ, ಖರೀದಿಗೆ ಬಂದವರಿಗೆ ವ್ಯಾಪಾರ ವೀಸಾ, ಕೈಯಾರೆ ಕೆಲಸ ಮಾಡುವವರಿಗೆ ಉದ್ಯೋಗ ವೀಸಾ ಎಂಬುದು ಆಗಿನ ನಿಯಮ. ತತ್ವ ಸರಿ. ಆದರೆ ಸಣ್ಣ ಬಿಚ್ಚಾಣಿಕೆದಾರರಿಗೆ ಈ ವ್ಯತ್ಯಾಸವನ್ನು ಅವರ ಭಾಷೆಯಲ್ಲಿ ತಿಳಿಹೇಳಿದವರು ಯಾರೂ ಇಲ್ಲ. ದೊಡ್ಡ ಕಂಪನಿ ವಕೀಲರನ್ನು ಇಟ್ಟುಕೊಳ್ಳುತ್ತದೆ, ಸಣ್ಣವನು ಏಜೆಂಟನ ಮಾತು ನಂಬುತ್ತಾನೆ.

ಇನ್ನು ನಮ್ಮವರು ಹೊರಗೆ ಹೋಗುವ ದಿಕ್ಕು. ಗಲ್ಫಿಗೆ ಹೋಗಿಬಂದವರ ಬಾಯಲ್ಲಿ ಕೆಲವು ಅರಬ್ಬೀ ಮಾತುಗಳು ನೆಲೆಸಿಬಿಟ್ಟಿವೆ: ಕಫೀಲ್, ಇಕಾಮಾ, ಹುರೂಬ್. ಕಫೀಲ್ ಎಂದರೆ ಕರೆಸಿಕೊಂಡ ಮಾಲೀಕ, ಹೊಣೆಗಾರ. ಇಕಾಮಾ ಅಲ್ಲಿ ಇರಲು ಕೊಟ್ಟ ಕಾರ್ಡು, ಅದರ ಮೇಲೆ ಮಾಲೀಕನ ಹೆಸರು. ಕೆಲಸಗಾರ ಓಡಿಹೋದನೆಂದು ಮಾಲೀಕ ವರದಿ ಮಾಡಿದರೆ ಹುರೂಬ್, ಅಲ್ಲಿಂದಾಚೆ ಅವನು ಕಾನೂನಿನ ಕಣ್ಣಿಗೆ ತಪ್ಪಿತಸ್ಥ. ಇನ್ನು ಆಜಾದ್ ವೀಸಾ ಎಂದು ಏಜೆಂಟರು ಮಾರುವುದು ಹೆಸರಿಗಷ್ಟೇ ಸ್ವತಂತ್ರ. ಕಾಗದದಲ್ಲಿ ಒಬ್ಬ ಕಫೀಲ್, ದುಡಿಮೆ ಇನ್ನೊಂದು ಕಡೆ, ಕಾಗದದ ಕಫೀಲನಿಗೆ ವರ್ಷವರ್ಷವೂ ಕಪ್ಪ. ಬಿಟ್ಟುಹೋಗುವ ಹಕ್ಕನ್ನು ಕಾನೂನು ಕೊಡದ ಕಡೆ ಜನ ಅದನ್ನು ದುಡ್ಡು ಕೊಟ್ಟು ಕಳ್ಳದಾರಿಯಲ್ಲಿ ಕೊಳ್ಳುತ್ತಾರೆ. ಮುಂಗಡ ತೀರಿಸಿ ಇನ್ನೊಂದು ಬಾಣಲೆಗೆ ಹೋದ ಹೆಂಗಸಿನ ಲೆಕ್ಕಾಚಾರವೇ ಇದು.

ಬದಲಾವಣೆ ಆಗಿಲ್ಲವೆಂದಲ್ಲ. ಕತಾರ್ 2020ರಲ್ಲಿ ಮಾಲೀಕನ ನಿರಾಕ್ಷೇಪಣಾ ಪತ್ರ ಇಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಸೌದಿ ಅರೇಬಿಯಾ 2021ರ ಮಾರ್ಚ್ 14ರಿಂದ, ಒಂದು ವರ್ಷ ದುಡಿದ ಮೇಲೆ ಮಾಲೀಕನ ಒಪ್ಪಿಗೆ ಇಲ್ಲದೆಯೂ ಬೇರೆ ಕಡೆ ಹೋಗಬಹುದೆಂದು ಸುಧಾರಣೆ ತಂದಿತು. ಆದರೆ ಆ ಸುಧಾರಣೆ ಮನೆಗೆಲಸದವರನ್ನೂ ಮನೆಯ ಡ್ರೈವರುಗಳನ್ನೂ ಹೊರಗಿಟ್ಟಿತು. ನಮ್ಮ ತಾಲೂಕುಗಳಿಂದ ಹೋಗುವ ಬಡ ಮನೆಯವರು ಹೆಚ್ಚಾಗಿ ಹಿಡಿಯುವುದು ಯಾವ ಕೆಲಸ ಎಂದು ನಿಮಗೆ ಗೊತ್ತು. ಇಲ್ಲೂ ಅದೇ ಆಯಿತು: ಬಾಗಿಲು ತೆರೆದಾಗ ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದವರು ಗೋಡೆಯ ಹಿಂದೆಯೇ ಉಳಿದರು.

ನಮ್ಮ ಸರ್ಕಾರದ ಕಡೆಯಿಂದಲೂ ಒಂದು ಕಾವಲಿದೆ. 1983ರ ಎಮಿಗ್ರೇಷನ್ ಕಾಯ್ದೆಯಡಿ ಎಸ್‌ಎಸ್‌ಎಲ್‌ಸಿ ಪಾಸಾಗದವರು ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಅನುಮತಿ ಪಡೆಯಬೇಕು. ಏಜೆಂಟ್ ನೋಂದಾಯಿತನಾಗಿರಬೇಕು, ಅವನ ಶುಲ್ಕ 30,000 ರೂಪಾಯಿ ಮತ್ತು ತೆರಿಗೆಯನ್ನು ಮೀರಬಾರದು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ತುಂಬಿರಬೇಕು. ಇದೆಲ್ಲ ಕಾಗದದ ಮೇಲೆ ಗಟ್ಟಿಯಾಗಿದೆ. ವಿಸಿಟ್ ವೀಸಾದಲ್ಲಿ ಕಳುಹಿಸಿ ಅಲ್ಲಿ ಬದಲಿಸಿಕೊಳ್ಳೋಣ ಎನ್ನುವ ಏಜೆಂಟನ ಒಂದೇ ಮಾತಿನಿಂದ ಇದೆಲ್ಲ ಕಳಚಿಬೀಳುತ್ತದೆ. ಕಾವಲಿನ ಹೊರಗಿನಿಂದ ಹೋದವರಿಗೆ ವಿಮೆಯೂ ಇಲ್ಲ, ನೋಂದಣಿಯೂ ಇಲ್ಲ.

ಅಮೆರಿಕದ ಉದ್ಯೋಗ ವೀಸಾ ಎಚ್-1ಬಿ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ, ಅದರ ಬಗ್ಗೆ ಎಲ್ಲರೂ ಮಾತನಾಡುತ್ತಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರ ಘೋಷಣೆ ಹೊರಗಿನಿಂದ ಬರುವ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಕನಕಪುರದ, ಮಾಗಡಿಯ ಎಂಜಿನಿಯರಿಂಗ್ ಓದಿದ ಮಕ್ಕಳ ಮನೆಗಳಲ್ಲಿ ಅದು ದೊಡ್ಡ ಆಘಾತವಾಯಿತು. ಆದರೂ ನಾನು ಹಿಡಿದ ಅಳತೆಗೋಲಿನಿಂದ ನೋಡಿದರೆ ಎಚ್-1ಬಿ ಗಲ್ಫಿನ ವೀಸಾಕ್ಕಿಂತಲೂ, ನಮ್ಮ ಉದ್ಯೋಗ ವೀಸಾಕ್ಕಿಂತಲೂ ಒಂದು ವಿಷಯದಲ್ಲಿ ಮೇಲು. 2000ದಿಂದ ಅಲ್ಲಿ ಹೊಸ ಕಂಪನಿ ಅರ್ಜಿ ಹಾಕಿದೊಡನೆ ಉದ್ಯೋಗಿ ಅಲ್ಲಿಗೆ ಸೇರಬಹುದು. ಕೆಲಸ ಹೋದರೆ ಇನ್ನೊಂದು ಹುಡುಕಲು 60 ದಿನದವರೆಗೆ ಸಮಯವಿದೆ. ಮನೆ ಸಾಲ, ಶಾಲೆಗೆ ಹೋಗುವ ಮಕ್ಕಳು ಇರುವವರಿಗೆ ಆ 60 ದಿನ ಏನೂ ಸಾಲದು. ಆದರೆ ಶೂನ್ಯಕ್ಕಿಂತ 60 ದೊಡ್ಡದು.

ಮಾಲೀಕರ ಪರವಾಗಿ ಒಂದು ಗಟ್ಟಿಯಾದ ಮಾತಿದೆ, ಅದನ್ನು ಬದಿಗೆ ಸರಿಸಲಾರೆ. ವೀಸಾಕ್ಕೆ, ವಿಮಾನಕ್ಕೆ, ವಸತಿಗೆ ಖರ್ಚು ಮಾಡಿ ಕರೆಸಿಕೊಂಡವನು ಮೂರೇ ತಿಂಗಳಿಗೆ ಪಕ್ಕದ ಕಂಪನಿಗೆ ಹೋದರೆ ಖರ್ಚು ಮಾಡಿದವರ ಗತಿ ಏನು? ನಾಳೆ ಯಾರು ಕರೆಸುತ್ತಾರೆ? ಬಿಚ್ಚಾಣಿಕೆ ಮನೆಯವರೂ ಮುಂಗಡದ ಬಗ್ಗೆ ಇದನ್ನೇ ಹೇಳುತ್ತಿದ್ದರು, ಅವರಲ್ಲಿ ಹಲವರು ಸಾಲ ಮಾಡಿ ಗೂಡು ಕೊಂಡ ಸಣ್ಣವರೇ ಆಗಿದ್ದರು. ಖರ್ಚು ವಾಪಸು ಬರಬೇಕೆಂಬುದು ನ್ಯಾಯ. ಅದಕ್ಕೆ ಕರಾರು ಇದೆ, ಸಿವಿಲ್ ನ್ಯಾಯಾಲಯ ಇದೆ, ಹೊಸ ಮಾಲೀಕನಿಂದ ನಿಜವಾದ ಖರ್ಚಿನ ಪಾಲನ್ನು ವಸೂಲಿ ಮಾಡುವ ವ್ಯವಸ್ಥೆ ಮಾಡಬಹುದು. ಸಾಲ ವಸೂಲಿಗೆ ಮನುಷ್ಯನನ್ನೇ ಒತ್ತೆಯಿಟ್ಟುಕೊಳ್ಳಬಾರದು ಎಂದು 1976ರಲ್ಲೇ ನಾವು ಒಪ್ಪಿದ್ದೇವೆ. ವೀಸಾ ಎಂಬ ಸರ್ಕಾರಿ ಮುದ್ರೆ ಆ ಒತ್ತೆಯ ಕೆಲಸವನ್ನು ಮಾಡುತ್ತಿದ್ದರೆ ಅದನ್ನೂ ಒಪ್ಪಬಾರದು.

ಹಾಗಾದರೆ ಏನು ಮಾಡಬೇಕು? ದೆಹಲಿಯಲ್ಲಿ ಆಗಬೇಕಾದದ್ದು ಹೆಚ್ಚಿಲ್ಲ. ಉದ್ಯೋಗ ವೀಸಾವನ್ನು ಕಂಪನಿಯ ಹೆಸರಿಗೆ ಕಟ್ಟುವ ಬದಲು ಕಸುಬಿಗೆ ಕಟ್ಟಲಿ. ಅದೇ ಕಸುಬಿನಲ್ಲಿ, ಸಂಬಳ ಇಳಿಯದಂತೆ, ತಿಳಿವಳಿಕೆ ಕೊಟ್ಟು ಬೇರೆ ಕಡೆ ಸೇರಲು ಬಿಡಲಿ. ಕೆಲಸ ಹೋದವರಿಗೆ ಇನ್ನೊಂದು ಹುಡುಕಲು ಕೆಲವು ತಿಂಗಳ ಗಡುವು ಕೊಡಲಿ. ಸಂಬಳದ ತಳಮಟ್ಟದಿಂದ ವಿನಾಯಿತಿ ಪಡೆದವರಿಗೆ ಈ ಅವಕಾಶ ಎಲ್ಲರಿಗಿಂತ ಮೊದಲು ಸಿಗಲಿ. ಇಷ್ಟು ಮಾಡಿದ ದೇಶ ರಿಯಾದಿನವರೊಂದಿಗೂ ಕುವೈತಿನವರೊಂದಿಗೂ ಮನೆಗೆಲಸದವರ ಪರವಾಗಿ ಮಾತನಾಡುವಾಗ ದನಿ ತಗ್ಗಿಸಬೇಕಾಗಿಲ್ಲ. 2014ರಲ್ಲಿ ಸೌದಿಯೊಂದಿಗೆ ಮನೆಗೆಲಸದವರ ಬಗ್ಗೆ ಆದ ಒಪ್ಪಂದದಂಥವುಗಳಲ್ಲಿ ಮಾಲೀಕನನ್ನು ಬದಲಿಸುವ ಹಕ್ಕನ್ನು ಸೇರಿಸಿ ಎಂದು ಕೇಳಲು ನಮಗೆ ನೈತಿಕ ಬಲ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಆಗಬೇಕಾದದ್ದು ಇನ್ನೂ ಸಣ್ಣದು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಒಂದು ಮೇಜು ಸಾಕು. ಹೊರಗೆ ಹೋಗುವವರ ಕರಾರನ್ನು ಅಲ್ಲಿ ಕನ್ನಡದಲ್ಲಿ, ಬೇಕಾದವರಿಗೆ ಉರ್ದುವಿನಲ್ಲಿ, ಓದಿ ಹೇಳಬೇಕು. ನಾನು ಕಂಡ ಗಲ್ಫ್ ಕರಾರುಗಳಲ್ಲಿ ಒಂದು ಅಂಕಣ ಅರಬ್ಬಿ, ಒಂದು ಅಂಕಣ ಇಂಗ್ಲಿಷ್. ಸಹಿ ಹಾಕುವವರಿಗೆ ಎರಡೂ ಬಾರದು. ಏಜೆಂಟ್ ಬೆರಳಿಟ್ಟು ತೋರಿಸುವುದು ಸಂಬಳದ ಅಂಕಿಯನ್ನು, ಆಮೇಲೆ ಸಹಿಯ ಜಾಗವನ್ನು. ಅವೆರಡರ ನಡುವೆ ಎಲ್ಲೋ, ಸಣ್ಣ ಅಕ್ಷರದಲ್ಲಿ, ಕೆಲಸ ಬಿಡುವುದರ ಬಗ್ಗೆ ಒಂದು ಕಲಮು ಇರುತ್ತದೆ: ಯಾವಾಗ ಬಿಡಬಹುದು, ಯಾರನ್ನು ಕೇಳಬೇಕು, ಬಿಟ್ಟರೆ ಏನು ಕಟ್ಟಬೇಕು. ನಿಮ್ಮ ಮನೆಯಿಂದ, ನಿಮ್ಮ ಬೀದಿಯಿಂದ ಯಾರಾದರೂ ಹೊರಟಿದ್ದರೆ ಆ ಕಲಮು ಎಲ್ಲಿದೆ ಎಂದು ಏಜೆಂಟನನ್ನು ಕೇಳಿ. ಮನೆಯವರೆಲ್ಲ ಕೂತಿರುವಾಗ ಅದನ್ನು ನಿಮ್ಮ ಮಾತಿನಲ್ಲಿ ಗಟ್ಟಿಯಾಗಿ ಓದಿಸಿ. ಓದುವ ತನಕ ಪಾಸ್‌ಪೋರ್ಟನ್ನು ಅವನ ಕೈಗೆ ಕೊಡಬೇಡಿ.